ನೆಲಕ್ಕಿಟ್ಟ ಸುತ್ತಿಗೆ

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಮೀನಿನ ಈರಮ್ಮ ಎಂದಿನ ಹಾಗೆ ಕೂಗುತ್ತ ಬಂದಳು. ಎರಡು ವಾರ ಈ ಮನೆಯ ಮುಂದೆ ಬಂದಾಗ ಮಾತ್ರ ದನಿ ತಗ್ಗಿಸಿಕೊಂಡು ಹೋಗುತ್ತಿದ್ದವಳು, ಇವತ್ತು ಗೇಟಿನ ಹತ್ತಿರ ಬುಟ್ಟಿ ಇಳಿಸಿ ಬಂಗುಡೆ ತಾಜಾ ಉಂಟು ಅಂದಳು. ಮೀನು ಹಾಕುತ್ತಲೇ, ಟಿವಿಯವರು ಇವತ್ತು ಬರುತ್ತಾರಂತಲ್ಲ, ಎಲ್ಲ ಹೇಳಿಬಿಡು, ಆ ಕುಮಟೆಯವನನ್ನು ಬಿಡಬೇಡ ಎಂದು ಬುದ್ಧಿಯನ್ನೂ ಹೇಳಿದಳು. ವನಮಾಲಾ ಪಾತ್ರೆ ಹಿಡಿದು ನಿಂತಿದ್ದಳು. ದುಡ್ಡು ಕೊಟ್ಟು ಹಿತ್ತಿಲಿಗೆ ನಡೆದಳು.

ಹಿತ್ತಿಲಲ್ಲಿ ಅತ್ತೆ ಸಣ್ಣಿ ಒಲೆಗೆ ತೆಂಗಿನ ಮಡಲು ಕಡಿಯುತ್ತ ಕೂತಿದ್ದಳು. ಸೊಸೆ ಮೀನು ತಂದದ್ದು ಕಂಡು, ಕೈಯಲ್ಲಿದ್ದ ಕತ್ತಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಕೈ ಹಿಂದೆ ತೆಗೆದುಕೊಂಡಳು. ವನಮಾಲಾ ಬಗ್ಗಿ ಎತ್ತಿಕೊಂಡಳು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಡುವ ರೂಢಿ ಈ ಕಡೆ ಇಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಹುಟ್ಟುತ್ತದೆ. ಕೊಡುವವರು ಕೆಳಗಿಡಬೇಕು, ಬೇಕಾದವರು ತಾವೇ ಎತ್ತಿಕೊಳ್ಳಬೇಕು. ಮಾವಳ್ಳಿಯ ತವರಿನಲ್ಲೂ ಹಾಗೆಯೇ, ಹೊನ್ನಾವರದ ಈ ಮನೆಯಲ್ಲೂ ಹಾಗೆಯೇ. ಧಾರವಾಡದಲ್ಲಿ ಇತಿಹಾಸ ಓದಿ ಎಂ.ಎ. ಮಾಡಿದ ವನಮಾಲಾಳಿಗೆ ಇದರಲ್ಲಿ ನಂಬಿಕೆ ಇತ್ತೆಂದಲ್ಲ. ಆದರೆ ಕೈಗಳು ಎಂ.ಎ. ಮಾಡಿರಲಿಲ್ಲ.

ಹದಿಮೂರು ದಿನವೂ ಅವಳಿಗೆ ಅಳು ಬಂದಿರಲಿಲ್ಲ. ಬಂದ ಹೆಂಗಸರು ಅದನ್ನು ಗಮನಿಸಿದ್ದರು. ಯಾರೋ ಬೆನ್ನು ತಟ್ಟಿ ಅಳು ತಂಗಿ ಅಂದರು, ಯಾರೋ ಒಳಗೆ ಹೋಗಿ ಓದಿದ ಹುಡುಗಿಯರೇ ಹೀಗೆ ಅಂದರು. ಅವಳಿಗೆ ಎರಡೂ ಒಂದೇ ದೂರದಿಂದ ಕೇಳಿಸಿತು. ಅವಳ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಆ ಸಂಜೆ ಮೋಹನ ಸುತ್ತಿಗೆ ಹಿಡಿದುಕೊಂಡು ಕುಮಟೆಗೆ ಹೊರಟದ್ದು ಅದನ್ನು ಕೊಡಲಿಕ್ಕೋ, ಅದರಿಂದ ಹೊಡೆಯಲಿಕ್ಕೋ.

ಮೋಹನ ಅವಳ ಗಂಡ. ಹೆದ್ದಾರಿ ಬದಿಯ ತಗಡಿನ ಶೆಡ್ಡಿನಲ್ಲಿ ಟಿಂಕರ್ ಕೆಲಸ ಮಾಡುತ್ತಿದ್ದ. ನಜ್ಜುಗುಜ್ಜಾದ ಬಾಗಿಲು, ಮಡ್‌ಗಾರ್ಡುಗಳನ್ನು ತಟ್ಟಿ ತಟ್ಟಿ ಮೊದಲಿನ ರೂಪಕ್ಕೆ ತರುವುದು. ಅವನಿಗೆ ಕೆಲಸ ಕಲಿಸಿದವನು ಕುಮಟೆಯ ದೇವು. ಒಂಬತ್ತು ವರ್ಷ ಅವನ ಕೈಕೆಳಗಿದ್ದು, ಆಮೇಲೆ ಸ್ವಂತ ಶೆಡ್ಡು ಹಾಕಿದ್ದ. ಹಾಕುವಾಗ ತಗಡು ಹೊಡೆಯಲು ಏಣಿ ಹತ್ತಿದವನೂ ದೇವುವೇ.

ಹೋದ ವರ್ಷದ ಕೊನೆಗೆ ಬೆಂಗಳೂರಿನ ಒಂದು ಚಾನೆಲ್ಲಿನವರು ಹುಡುಕಿಕೊಂಡು ಬಂದರು. ಕಾರ್ಯಕ್ರಮದ ಹೆಸರು ‘ಹಳೇ ಗಾಡಿ ಹೊಸ ಗತ್ತು’. ಎರಡು ಗ್ಯಾರೇಜು, ಎರಡು ಹಳೆಯ ಫಿಯಾಟು, ನಲವತ್ತು ದಿನ. ಭಟ್ಕಳದ ದೊಡ್ಡ ಮನೆಯೊಂದರ ಹಿಂದೆ ಕೋಳಿಗಳ ಮನೆಯಾಗಿದ್ದ ಕಾರುಗಳನ್ನು ಲಾರಿಯಲ್ಲಿ ತಂದು ಒಂದನ್ನು ಹೊನ್ನಾವರದಲ್ಲಿ, ಒಂದನ್ನು ಕುಮಟೆಯಲ್ಲಿ ಇಳಿಸಿದರು. ಯಾರ ಕಾರು ಚೆಂದವೋ ಅದಕ್ಕೆ ಕೊನೆಗೆ ಮುರ್ಡೇಶ್ವರದ ಸಮುದ್ರದ ದಂಡೆಯಲ್ಲಿ ಬಹುಮಾನ. ಗುರು ಒಂದು ಕಡೆ, ಶಿಷ್ಯ ಒಂದು ಕಡೆ. ಅದು ಗೊತ್ತಿದ್ದೇ ಇವರನ್ನು ಆರಿಸಿದ್ದರು. ಕಾರ್ಯಕ್ರಮ ಮುಗಿಯುವವರೆಗೆ ಕ್ಯಾಮೆರಾ ಇಲ್ಲದಾಗ ಇಬ್ಬರೂ ಭೇಟಿಯಾಗಬಾರದು, ಫೋನೂ ಮಾಡಬಾರದು ಎಂಬ ಕಟ್ಟಳೆಯನ್ನೂ ಹಾಕಿದರು.

ಇಂಗ್ಲಿಷಿನ ಕರಾರುಪತ್ರ ಓದಿ ಹೇಳಿದವಳು ವನಮಾಲಾ. ಏಳನೆಯ ಪುಟದಲ್ಲಿ, ಚಿತ್ರೀಕರಿಸಿದ್ದನ್ನು ಯಾವ ಕ್ರಮದಲ್ಲಾದರೂ ಜೋಡಿಸಿಕೊಳ್ಳುವ ಹಕ್ಕು ಚಾನೆಲ್ಲಿಗೆ ಇದೆ ಎಂದಿತ್ತು. ನೀವು ಮಾಡಿದ್ದನ್ನು ಹಿಂದುಮುಂದು ಮಾಡಿ ತೋರಿಸ್ತಾರಂತೆ ಎಂದು ನಕ್ಕಿದ್ದಳು. “ಗಾಡಿ ಹಿಂದೆ ಮುಂದೆ ಹೋದ್ರೆ ಸಾಕು ಮಾರಾಯ್ತಿ, ನಾ ಹಿಂದ್ಮುಂದಾಗದಿದ್ರೆ ಆತು” ಎಂದು ಮೋಹನ ಸಹಿ ಹಾಕಿದ್ದ.

ಹತ್ತನೆಯ ದಿನ ದೇವುವನ್ನು ಹೊನ್ನಾವರದ ಶೆಡ್ಡಿಗೆ ಕರೆಸಿದರು. ಎದುರಾಳಿಯ ಕೆಲಸ ನೋಡುವ ಕಂತು ಅದು. ಎಲ್ಲರಿಗೂ ಚಹಾ ತಂದ ವನಮಾಲಾ ಕಂಬಕ್ಕೊರಗಿ ನಿಂತು ನೋಡಿದ್ದಳು. ಫಿಯಾಟಿನ ಮಡ್‌ಗಾರ್ಡಿನ ದುಂಡು ತನ್ನ ಸುತ್ತಿಗೆಗೆ ಬಗ್ಗುತ್ತಿಲ್ಲ, ನಿಮ್ಮದು ನಾಲ್ಕು ದಿನಕ್ಕೆ ಬೇಕಿತ್ತು ಎಂದು ಮೋಹನ ಕೇಳಿದ. ದೇವು ಚೀಲದಿಂದ ಆ ಸುತ್ತಿಗೆ ತೆಗೆದ. ಒಂದು ಬದಿ ದುಂಡಗೆ, ಇನ್ನೊಂದು ಬದಿ ಕನ್ನಡಿಯ ಹಾಗೆ ನುಣುಪು. ಕತ್ತಿನಲ್ಲಿ ಅವನ ಗುರುತಿನ ಮೂರು ಚುಕ್ಕಿ. ಅದನ್ನು ಮೋಹನನ ಕಾಲ ಬಳಿ ನೆಲಕ್ಕಿಟ್ಟು ಕಾರಿನ ಆಚೆ ಬದಿ ನೋಡಲು ತಿರುಗಿದ. ತಿರುಗುತ್ತಲೇ, “ವಾಪಸ್ ತರುವಾಗ ಎಣ್ಣೆ ಹಚ್ಕಂಡ್ ಬಾ. ನಿನ್ನ ತಲೆಗಲ್ಲ ಹಾಂ, ಅದ್ಕೆ” ಅಂದ. ಮೋಹನ ನಕ್ಕು ಸುತ್ತಿಗೆ ಎತ್ತಿಕೊಂಡ. ಉಪ್ಪುಗಾಳಿಯ ಊರು, ಎಣ್ಣೆ ಹಚ್ಚದ ಕಬ್ಬಿಣ ಇಲ್ಲಿ ಎರಡು ದಿನಕ್ಕೆ ಕೆಂಪಾಗುತ್ತದೆ. ನಡೆದದ್ದು ಇಷ್ಟು.

ಭೇಟಿಯ ಕಟ್ಟಳೆಯಿಂದಾಗಿ ಸುತ್ತಿಗೆ ಹೊನ್ನಾವರದಲ್ಲೇ ಉಳಿಯಿತು. ಎರಡು ವಾರದ ಮೇಲೆ, ಭಾನುವಾರ, ಅದೇ ಟಿವಿಯಲ್ಲಿ ಬಂತು. ಸುತ್ತಿಗೆ ನೆಲ ತಾಗುವುದನ್ನು ಮೂರು ಕಡೆಯಿಂದ ಮೂರು ಸಲ, ನಿಧಾನವಾಗಿ, ಗುಡುಗಿನ ಸದ್ದಿನ ಜೊತೆ ತೋರಿಸಿದರು. ದೇವು ಬೆನ್ನು ತಿರುಗಿಸಿದ. ಎಣ್ಣೆಯ ಮಾತು ಇರಲಿಲ್ಲ, ನಗುವೂ ಇರಲಿಲ್ಲ. ಅದರ ಬದಲು ತಲೆ ತಗ್ಗಿಸಿ ನೆಲ ನೋಡುತ್ತಿರುವ ಮೋಹನನ ಮುಖ ಬಂತು. ಗುರುವಿನಿಂದ ಇಂಥ ಅವಮಾನ, ಶಿಷ್ಯ ಸಹಿಸುವನೇ ಎಂದು ಒಂದು ಗಡಸು ದನಿ ಕೇಳಿತು. ಸುತ್ತಿಗೆಯ ದಿನ ಮೋಹನ ನೀಲಿ ಅಂಗಿ ಹಾಕಿದ್ದ. ತಲೆ ತಗ್ಗಿಸಿದವನ ಅಂಗಿ ಕಂದು. ಅದು ಮತ್ತೊಂದು ದಿನ, ಕೆಳಗೆ ಬಿದ್ದ ನಟ್ಟು ಹುಡುಕುವಾಗ ತೆಗೆದದ್ದು. ಅಂಗಿಯ ಬಣ್ಣ ಒಗೆಯುವವಳಿಗೆ ಬಿಟ್ಟು ಬೇರೆ ಯಾರಿಗೂ ಕಾಣಲಿಲ್ಲ.

ದಿನಕ್ಕೆ ಹತ್ತು ಸಲ ಕತ್ತಿಯನ್ನು ಕಲ್ಲಿನ ಮೇಲಿಟ್ಟು ಕೊಡುವ ಜನವೇ ಮರುದಿನ ಚಹಾ ಅಂಗಡಿಯಲ್ಲಿ, ಎಂಥಾ ಸೊಕ್ಕು ನೋಡು, ಕೈಗೆ ಕೊಡದೆ ನೆಲಕ್ಕೆ ಬಿಸಾಡಿದ ಅಂದರು. ಮೋಹನ ಮೊದಲು ನಕ್ಕ. ಆಮೇಲೆ ಕಟ್ಟಳೆ ಮುರಿದು ದೇವುಗೆ ಫೋನು ಮಾಡಿದ. ಕಟ್ಟಳೆಗೆ ಹೆದರಿಯೋ ಏನೋ, ಯಾರೂ ಎತ್ತಲಿಲ್ಲ. ಸೋಮವಾರವೂ ಎತ್ತಲಿಲ್ಲ, ಮಂಗಳವಾರವೂ ಎತ್ತಲಿಲ್ಲ. ಚಹಾ ಅಂಗಡಿಯಲ್ಲಿ ಯಾರೋ, ನಿಂಗೆ ಬಳೆ ತಂದುಕೊಡುವಾ ಅಂದರಂತೆ. ಮಂಗಳವಾರ ಸಂಜೆ ಒಂದು ಮಾತೂ ಆಡದೆ ಬೈಕ್ ತೆಗೆದ. ಧಾರೇಶ್ವರಕ್ಕಿಂತ ಮೊದಲಿನ ತಿರುವಿನಲ್ಲಿ ಎದುರಿನಿಂದ ಟ್ಯಾಂಕರ್ ಬಂತು.

ಬೈಕಿನ ಡಬ್ಬಿಯಲ್ಲಿ ಸುತ್ತಿಗೆ ಸಿಕ್ಕಿತು ಎಂಬ ಸುದ್ದಿ ಹೆಣಕ್ಕಿಂತ ಮೊದಲು ಊರು ಮುಟ್ಟಿತ್ತು. ಮುಂದಿನ ಭಾನುವಾರ ಕುಮಟೆಯಲ್ಲಿ ದೇವುವಿನ ಶೆಡ್ಡಿಗೆ ಕಲ್ಲು ಬಿತ್ತು.

ಇವತ್ತು ಹತ್ತು ಗಂಟೆಗೆ ಚಾನೆಲ್ಲಿನ ವ್ಯಾನು ಬಂದು ನಿಂತಿತು. ನಿರ್ದೇಶಕ ಸಂಜಯ ಮೆಲ್ಲಗೆ ಮಾತಾಡುವವನು. ಚಪ್ಪಲಿ ಬಿಟ್ಟು ಒಳಗೆ ಬಂದು ಮೋಹನನ ಫೋಟೋಕ್ಕೆ ಕೈಮುಗಿದ. ಕಣ್ಣೊರೆಸಿಕೊಂಡ. ಆಮೇಲೆ ಫೋಟೋದ ಗಾಜಿನಲ್ಲಿ ಬೆಳಕು ಹೊಳೆಯುತ್ತಿದೆ, ಸ್ವಲ್ಪ ಓರೆ ಮಾಡಿ ಎಂದು ತನ್ನವರಿಗೆ ಹೇಳಿದ.

ಭಾನುವಾರದ್ದು ಕೊನೆಯ ಕಂತು. ಮೋಹನನಿಗೆ ಅರ್ಪಣೆ ಮಾಡುತ್ತೇವೆ, ಅವರು ಅರ್ಧ ಮಾಡಿದ ಕಾರನ್ನು ನಾವೇ ಮುಗಿಸಿ ನಿಮಗೇ ಕೊಡುತ್ತೇವೆ ಎಂದ. ಅದಕ್ಕೆ ನೀವು ಎರಡು ಮಾತು ಹೇಳಬೇಕು. ಆ ಸಂಜೆ ಅವರು ಯಾವ ಸ್ಥಿತಿಯಲ್ಲಿ ಹೊರಟರು, ಯಾರ ಮನೆಗೆ ಹೊರಟರು. ಹೆಸರನ್ನು ನೀವೇ ಹೇಳಿದರೆ ಒಳ್ಳೆಯದು. ಅಳು ಬಂದರೆ ತಡೆಯಬೇಡಿ.

ಬಾಗಿಲಲ್ಲಿ ಕೂತಿದ್ದ ಸಣ್ಣಿ ಸೊಸೆಯನ್ನೇ ನೋಡುತ್ತಿದ್ದಳು. “ಹೇಳೇ. ಇಡೀ ಊರು ಕೇಳ್ಲಿ. ಕಲಿಸಿದವ್ನೇ ನನ್ನ ಮಗನ್ನ ತಿಂದ” ಅಂದಳು. ಸಂಜಯ ಕ್ಯಾಮೆರಾದವನಿಗೆ ಕಣ್ಸನ್ನೆ ಮಾಡಿದ. ಕೆಂಪು ದೀಪ ಸಣ್ಣಿಯ ಕಡೆ ತಿರುಗಿತು.

ನಾನು ಏನೂ ಹೇಳುವುದಿಲ್ಲ ಅಂದರೆ ಎಂದು ವನಮಾಲಾ ಕೇಳಿದಳು.

“ಪರ್ವಾಗಿಲ್ಲ ಮೇಡಂ, ಬಲವಂತ ಇಲ್ಲ” ಎಂದ ಸಂಜಯ. “ಸುತ್ತಿಗೆ ತೋರಿಸ್ತೀವಿ, ಆಮೇಲೆ ಆ ತಿರುವು ತೋರಿಸ್ತೀವಿ. ಮಿಕ್ಕಿದ್ದು ಜನಾನೇ ಅರ್ಥ ಮಾಡ್ಕೋತಾರೆ.”

ಅವನು ಬೆದರಿಸಲಿಲ್ಲ. ಮಳೆ ಬರಬಹುದು ಅನ್ನುವ ಹಾಗೆ ಹೇಳಿದ. ವನಮಾಲಾಳಿಗೆ ಏಳನೆಯ ಪುಟ ನೆನಪಾಯಿತು. ಸುಮ್ಮನಿದ್ದರೆ ಸುಮ್ಮನಿದ್ದದ್ದನ್ನೂ ಜೋಡಿಸುತ್ತಾರೆ. ಮೊದಲ ಸಲ ಬಿದ್ದದ್ದು ಕಲ್ಲು. ಈ ಭಾನುವಾರದ ಮೇಲೆ ದೇವುವಿನ ಶೆಡ್ಡಿಗೆ ಬೆಂಕಿ ಬೀಳಬಹುದು. ಆದರೆ ಏನೆಂದು ಹೇಳುವುದು. ಹೊಡೆಯಲಿಕ್ಕೆ ಹೋಗಲಿಲ್ಲ ಅನ್ನಲು ಅವಳಿಗೇ ಗೊತ್ತಿರಲಿಲ್ಲ.

ಆ ಸುತ್ತಿಗೆ ನಿಮ್ಮಲ್ಲೇ ಇದೆಯಂತಲ್ಲ, ಸ್ವಲ್ಪ ತರುತ್ತೀರಾ ಎಂದು ಸಂಜಯ ಕೇಳಿದ.

ಪೊಲೀಸರು ಕೊಟ್ಟ ಪ್ಲಾಸ್ಟಿಕ್ ಚೀಲ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲಿತ್ತು. ಸಹಿ ಮಾಡಿ ತಂದಿಟ್ಟವಳು ಇವತ್ತಿನವರೆಗೆ ಬಿಚ್ಚಿರಲಿಲ್ಲ. ಬಿಚ್ಚಿದರೆ ಉತ್ತರ ಸಿಕ್ಕೀತು ಎಂಬ ಹೆದರಿಕೆ. ಬಾಗಿಲು ಓರೆ ಮಾಡಿ ಗಂಟು ಬಿಡಿಸಿದಳು. ನಿಂತ ಗಡಿಯಾರ, ಪರ್ಸು. ಕೆಳಗೆ ಬಟ್ಟೆಯಲ್ಲಿ ಸುತ್ತಿದ ಭಾರ. ಅದು ಶೆಡ್ಡಿನ ಜಿಡ್ಡು ಬಟ್ಟೆಯಲ್ಲ. ಅವಳ ಹಳೆಯ ಹತ್ತಿ ಸೀರೆಯ ತುಂಡು, ಒಗೆದು ಮಡಿಸಿಟ್ಟದ್ದು. ಬಿಡಿಸುವ ಮೊದಲೇ ವಾಸನೆ ಬಂತು. ತೆಂಗಿನೆಣ್ಣೆ.

ಆ ಮಂಗಳವಾರ ಸಂಜೆ ಅವಳು ಟ್ಯೂಶನ್ ಮಕ್ಕಳ ಪರೀಕ್ಷೆ ಹಾಳೆ ತಿದ್ದುತ್ತಿದ್ದಳು. ಒಂದು ಮಾತೂ ಆಡದೆ ಹೋದ ಎಂದು ಎಲ್ಲರಿಗೂ ಹೇಳಿದ್ದಳು, ಅದು ನಿಜವಲ್ಲ. ಅವನು ಅಡುಗೆಮನೆಯಿಂದ, ಎಣ್ಣೆ ಎಲ್ಲುಂಟು ಎಂದು ಕೇಳಿದ್ದ. ಅವಳು ತಲೆ ಎತ್ತದೆ, “ಹೊಸ ಬಾಟ್ಲಿ ಒಡೆಯೂದು ಬೇಡ, ಹಳೇದ್ರಲ್ಲಿ ತಳ ಉಂಟು ನೋಡಿ” ಅಂದಿದ್ದಳು. ಅದನ್ನು ಮಾತೆಂದು ಅವಳು ಎಣಿಸಿರಲೇ ಇಲ್ಲ.

ಬಟ್ಟೆ ತೆರೆದಳು. ಸುತ್ತಿಗೆಯ ಮೈ ಮಿರುಗುತ್ತಿತ್ತು. ಮೂರು ಚುಕ್ಕಿಗಳ ತೂತಿನಲ್ಲೂ ಮಣ್ಣಿಲ್ಲ, ಸೂಜಿಯಿಂದ ತೆಗೆದ ಹಾಗೆ. ಹಿಡಿಕೆಯನ್ನೂ ಉಜ್ಜಿ ತೊಳೆದಿದ್ದ. ಇಷ್ಟು ದಿನ ಚೀಲದಲ್ಲಿದ್ದೂ ಒಂದು ಚೂರು ಕೆಂಪಾಗಿರಲಿಲ್ಲ. ಹೊಡೆಯಲು ಹೊರಟವನು ಸುತ್ತಿಗೆಗೆ ಎಣ್ಣೆ ಹಚ್ಚುವುದಿಲ್ಲ, ಹೆಂಡತಿಯ ಸೀರೆಯಲ್ಲಿ ಸುತ್ತುವುದಿಲ್ಲ.

ಅವಳು ಸುತ್ತಿಗೆ ಎತ್ತಿಕೊಂಡಳು. ಆಮೇಲೆ ಹಿತ್ತಿಲ ಬಾಗಿಲಿಗೆ ಅತ್ತೆಯನ್ನು ಕರೆದು, ಸುತ್ತಿಗೆಯನ್ನು ಅವಳ ಮುಂದೆ ನೆಲಕ್ಕಿಟ್ಟಳು. ಸಣ್ಣಿ ಮೊದಲು ಮುಖ ತಿರುಗಿಸಿದಳು. ಮತ್ತೆ ಬಗ್ಗಿ ಮುಟ್ಟಿದಳು. ಬೆರಳಿಗೆ ಹತ್ತಿದ ಎಣ್ಣೆಯನ್ನು ಹೆಬ್ಬೆರಳಿನಿಂದ ತಿಕ್ಕಿ, ಮೂಗಿನ ಹತ್ತಿರ ಹಿಡಿದಳು. ಮಗ ಚಿಕ್ಕವನಿದ್ದಾಗ ಗದ್ದೆಗೆ ಸಾಲ ತಂದ ಹಾರೆಯನ್ನು ಎಣ್ಣೆ ಹಚ್ಚಿಯೇ ಹಿಂದೆ ಕೊಟ್ಟು ಬಾ ಎಂದು ಕಳಿಸುತ್ತಿದ್ದವಳು ಅವಳೇ.

ವನಮಾಲಾ ಸುತ್ತಿಗೆಯನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಎದ್ದಳು.

“ಎಲ್ಲಿಗ್ ಹೊರಟೆ ಈಗ?”

“ಕುಮಟೆಗೆ.”

ಗಂಡ ಸತ್ತ ಹೆಂಗಸು ಹದಿನಾಲ್ಕನೆಯ ದಿನಕ್ಕೆ ಹೊಸ್ತಿಲು ದಾಟುವುದೇ ಎಂದು ಸಣ್ಣಿ ಕೇಳಬೇಕಿತ್ತು. ಕೇಳಲು ಬಾಯಿ ತೆರೆದಳು ಕೂಡ. ಬೆರಳನ್ನು ಮತ್ತೊಮ್ಮೆ ನೋಡಿಕೊಂಡಳು.

“ಆತು. ಬಂಗುಡೆ ಇಲ್ಲಿಡು. ಹೋಗ್ ಬಾ.”

ಕುಮಟೆಗೆ, ದೇವುವಿನ ಎದುರಿಗೇ ಹೋಗೋಣ ಎಂದು ವನಮಾಲಾ ಹೇಳಿದಾಗ ಸಂಜಯನ ಮುಖ ಬದಲಾಯಿತು. ಬಯಸಿದ್ದಕ್ಕಿಂತ ಹೆಚ್ಚು ಸಿಕ್ಕವನ ಮುಖ ಅದು. ಬೆಂಗಳೂರಿಗೆ ಫೋನು ಮಾಡಿ, ವಿಧವೆ ಸುತ್ತಿಗೆ ತಗೊಂಡು ಹೊರಟಿದ್ದಾಳೆ ಎಂದು ಪಿಸುಗುಟ್ಟಿದ. ಅವಳು ಸಹಿ ಮಾಡಬೇಕಾದ ಕಾಗದದ ಎರಡು ಪ್ರತಿಗಳನ್ನು ವ್ಯಾನಿನಲ್ಲೇ ಕೊಟ್ಟ.

ಈ ಸಲ ಅವಳು ಪ್ರತಿ ಸಾಲನ್ನೂ ಓದಿದಳು. ಕರ್ಕಿ ದಾಟಿತು, ಹಳದೀಪುರ ದಾಟಿತು. ಎರಡರಲ್ಲೂ ಕೊನೆಯ ಸಾಲಿನ ಕೆಳಗೆ ಇಂಗ್ಲಿಷಿನಲ್ಲಿ, ಮಕ್ಕಳ ಹಾಳೆ ತಿದ್ದುವ ಕೆಂಪು ಪೆನ್ನಿನಿಂದ ಬರೆದಳು. ಈ ಸುತ್ತಿಗೆಯನ್ನು ಇನ್ನು ಮುಂದೆ ತೋರಿಸುವುದಾದರೆ ಇವತ್ತು ಕುಮಟೆಯಲ್ಲಿ ನಡೆಯುವುದನ್ನು ಮೊದಲಿಂದ ಕೊನೆಯವರೆಗೆ ಕತ್ತರಿಸದೆ, ಬೇರೆ ಸದ್ದು ಸೇರಿಸದೆ ತೋರಿಸಬೇಕು; ಇಲ್ಲವಾದರೆ ಸುತ್ತಿಗೆಯನ್ನೂ ತೋರಿಸಬಾರದು. ನೀವು ಮೊದಲು ಸಹಿ ಮಾಡಿ ಅಂದಳು.

ಸಂಜಯ ಎರಡು ಸಲ ಓದಿದ. ಅವಳ ಮಡಿಲಲ್ಲಿದ್ದ ಬಟ್ಟೆಯ ಗಂಟನ್ನೂ ಅದನ್ನು ಬಿಗಿಯಾಗಿ ಹಿಡಿದ ಬೆರಳುಗಳನ್ನೂ ನೋಡಿದ. ಕತ್ತರಿಸುವ ಅಗತ್ಯವೇ ಬಾರದ ದೃಶ್ಯ ಇದು ಅನ್ನಿಸಿರಬೇಕು. ಸಹಿ ಮಾಡಿದ. ಅವಳೂ ಮಾಡಿ, ಒಂದು ಪ್ರತಿಯನ್ನು ಮಡಚಿ ಸುತ್ತಿಗೆಯ ಬಟ್ಟೆಯೊಳಗೆ ಸೇರಿಸಿದಳು.

ತಿರುವಿನ ಹತ್ತಿರ ಐದು ನಿಮಿಷ ನಿಲ್ಲಿಸೋಣವೇ ಎಂದು ಅವನು ಕೇಳಿದ. ಬೇಡ ಅಂದಳು. ರಸ್ತೆಯ ಮೇಲೆ ಗಾಜಿನ ಪುಡಿ ಇನ್ನೂ ಹೊಳೆಯುತ್ತಿತ್ತು. ವ್ಯಾನು ಅದರ ಮೇಲೆಯೇ ಹೋಯಿತು.

ಕುಮಟೆಯ ಹೊರಗೆ ದೇವುವಿನ ಶೆಡ್ಡಿನ ಬಾಗಿಲು ಅರ್ಧ ಎಳೆದಿತ್ತು. ಪಕ್ಕದ ಕೋಣೆಯ ಕಿಟಕಿಗೆ ಗಾಜಿರಲಿಲ್ಲ, ರಟ್ಟು ಬಡಿದಿದ್ದರು. ಒಳಗೆ ಫಿಯಾಟಿನ ಮೇಲೆ ತಾಡಪತ್ರಿ. ಚಾನೆಲ್ಲಿನ ವ್ಯಾನು ನಿಂತದ್ದೇ ಆಟೋ ಸ್ಟ್ಯಾಂಡಿನವರು, ಎದುರಿನ ಹೋಟೆಲಿನವರು, ಬಸ್ಸಿಗೆ ಕಾಯುತ್ತಿದ್ದವರು ಬಂದು ಸುತ್ತ ನಿಂತರು. ಕಲ್ಲು ಹೊಡೆದವರೂ ಅವರಲ್ಲಿ ಇದ್ದಿರಬೇಕು. ಸುತ್ತಿಗೆ ತಂದಾಳೆ, ಸುತ್ತಿಗೆ ತಂದಾಳೆ ಎಂಬ ಮಾತು ಹಿಂದಿನ ಸಾಲಿನವರೆಗೆ ಹೋಯಿತು. ಒಬ್ಬ ಆಟೋದವನು, ಒಂದ್ ಬಿಡು ಅಕ್ಕ ಅಂದ. ಯಾರೋ ನಕ್ಕರು.

ದೇವುವಿನ ಹೆಂಡತಿ ಮಂಗಲಾ ಬಾಗಿಲಿಗೆ ಅಡ್ಡ ನಿಂತಳು. ಇನ್ನೂ ಎಂತ ಬಾಕಿ ಉಂಟು ನಿಮಗೆ ಎಂದು ಕ್ಯಾಮೆರಾದವರನ್ನು ಕೇಳಿದಳು. ಹಿಂದಿನಿಂದ ದೇವು ಬಂದು ಅವಳನ್ನು ಮೆಲ್ಲಗೆ ಸರಿಸಿದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಮೇಲೆಕೆಳಗಾಗಿತ್ತು. ಎರಡು ವಾರದಲ್ಲಿ ಮುದುಕನಾಗಿದ್ದ. ವನಮಾಲಾಳನ್ನು ನೋಡಿದವನು ಅವಳ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ. ಹಿಂದೆ ಸರಿಯಲಿಲ್ಲ. ಹೊಡೆದರೆ ಹೊಡೆಯಲಿ ಎಂಬಂತೆ ಕೈಗಳನ್ನು ಎರಡೂ ಬದಿಗೆ ಇಳಿಬಿಟ್ಟು ನಿಂತ.

“ಬಂದಿದ್ದೆ ತಂಗಿ, ಆ ದಿನ, ಅವ್ನನ್ನ ಕಡೆಗೊಮ್ಮೆ ನೋಡೂಕೆ” ಅಂದ. “ಹೊನ್ನಾವರ ಸ್ಟ್ಯಾಂಡಿನವರೆಗೆ ಬಂದಿದ್ದೆ. ಮುಂದೆ ಬರೂಕೆ ಬಿಡ್ಲಿಲ್ಲ.”

ಯಾರು ಬಿಡಲಿಲ್ಲ ಎಂದು ಅವಳು ಕೇಳಲಿಲ್ಲ. ಸಂಜಯ ಎರಡು ಬೆರಳು ಎತ್ತಿದ. ಕ್ಯಾಮೆರಾದವನು ಮಂಡಿಯೂರಿ ಅವಳ ಕೈಯ ಮಟ್ಟಕ್ಕೆ ಬಂದ.

ಅವಳು ಬಟ್ಟೆ ಬಿಚ್ಚಿದಳು. ಬಿಸಿಲಿಗೆ ಸುತ್ತಿಗೆಯ ಮೈ ಮಿಂಚಿತು. ಗುಂಪಿನಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಅವಳು ಎರಡು ಹೆಜ್ಜೆ ಮುಂದೆ ಹೋಗಿ, ಬಗ್ಗಿ, ದೇವುವಿನ ಕಾಲ ಬಳಿ ಅದನ್ನು ನೆಲಕ್ಕಿಟ್ಟಳು. ಕೈ ಹಿಂದೆ ತೆಗೆದುಕೊಂಡಳು.

“ದೇವಣ್ಣ, ನಿಮ್ಮ ಸುತ್ತಿಗೆ. ಅವರು ನಿಮ್ಮತ್ರ ತಕ್ಕಂಡಿದ್ದು.” ದನಿ ಎತ್ತಲಿಲ್ಲ, ಆದರೆ ಹಿಂದಿನ ಸಾಲಿಗೂ ಕೇಳಿಸಿತು. “ಆ ದಿನ ಕೊಡೂಕೆ ಹೊರಟಿದ್ರು. ಎಣ್ಣೆ ಹಚ್ಚಿದ್ರು ನೋಡಿ, ನೀವು ಹೇಳಿದ ಹಾಗೆ.”

ಒಂದ್ ಬಿಡು ಅಂದಿದ್ದ ಆಟೋದವನು ನೆಲದ ಮೇಲಿನ ಸುತ್ತಿಗೆಯನ್ನೂ ಅದರ ಮುಂದೆ ಖಾಲಿ ಕೈಯಲ್ಲಿ ನಿಂತ ಹೆಂಗಸನ್ನೂ ನೋಡಿ ತಲೆ ಕೆಳಗೆ ಹಾಕಿದ. ಮನೆಯಲ್ಲಿ ಅವನ ತಾಯಿಯೂ ಕತ್ತಿಯನ್ನು ಹೀಗೆಯೇ ಇಡುತ್ತಿದ್ದಳೇನೋ.

“ಮೇಡಂ, ಒಂದ್ನಿಮಿಷ” ಎಂದು ಸಂಜಯ ಹಿಂದಿನಿಂದ ಮೆಲ್ಲಗೆ ಅಂದ. “ಎತ್ತಿ ಅವರ ಕೈಗೇ ಕೊಟ್ಬಿಡಿ. ಇನ್ನೊಂದ್ಸಲ ತಗೋಳೋಣ.”

ವನಮಾಲಾ ತಿರುಗಲಿಲ್ಲ. ಖಾಲಿಯಾದ ಸೀರೆಯ ತುಂಡನ್ನು ಕಾಗದದ ಸಮೇತ ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಕಾದಳು.

ದೇವು ಬಗ್ಗಿದ. ಬಗ್ಗಲು ಹೊತ್ತು ತೆಗೆದುಕೊಂಡಿತು. ಎತ್ತಿಕೊಂಡು, ನುಣುಪು ಬದಿಯ ಮೇಲೆ ಹೆಬ್ಬೆರಳು ಎಳೆದ. ಎಣ್ಣೆ ಹತ್ತಿತು.